ಕಡಲ ತೀರದ ಹಿತವಾದ ಊರಿನಲ್ಲಿ ವರ್ಷವಿಡೀ ತಾಪಮಾನ ಹೇಗಿರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಡಲ ಪಕ್ಕದ ಊರಿಗೆ ಹೊರಡುವವರು, ಅಲ್ಲಿ ಮನೆ ಮಾಡಬೇಕು ಅಂದುಕೊಂಡವರು ಮೊದಲು ಹುಡುಕುವುದು ಒಂದು ಪಟ್ಟಿ. ಹನ್ನೆರಡು ತಿಂಗಳು, ಪಕ್ಕದಲ್ಲಿ ಹನ್ನೆರಡು ಅಂಕಿ. ಆ ಅಂಕಿಗಳು ಒಂದಕ್ಕೊಂದು ಎಷ್ಟು ಹತ್ತಿರ ಇರುತ್ತವೆ ಅಂದರೆ, ವರ್ಷವಿಡೀ ಒಂದೇ ಹವೆ ಅನ್ನಿಸಿಬಿಡುತ್ತದೆ. ಆಮೇಲೆ ಜುಲೈಯಲ್ಲಿ ತೆಳು ಅಂಗಿ ಹಾಕಿಕೊಂಡು ಹೋಗಿ ನಡುಗುತ್ತಾರೆ. ಪಟ್ಟಿ ಸರಿಯಾಗಿಯೇ ಇರುತ್ತದೆ, ಅದನ್ನು ಓದುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೊಂದಾಗಿ ತೆಗೆದುಕೊಂಡಿದ್ದೇನೆ. ಅಂಕಿಗಳೆಲ್ಲ ಸೆಲ್ಸಿಯಸ್‌ನಲ್ಲಿವೆ.

ಸರಾಸರಿ ತಾಪಮಾನ ಅಂದರೆ ಯಾವುದರ ಸರಾಸರಿ?

ಒಂದು ದಿನದ ಗರಿಷ್ಠ ತಾಪಮಾನಕ್ಕೆ ಕನಿಷ್ಠವನ್ನು ಕೂಡಿಸಿ ಅರ್ಧ ಮಾಡಿದರೆ ಆ ದಿನದ ಸರಾಸರಿ. ಬಹಳ ಕಡೆ ಲೆಕ್ಕ ಹೀಗೇ. ತಿಂಗಳ ಎಲ್ಲ ದಿನಗಳದ್ದು ಸೇರಿಸಿ ಭಾಗಿಸಿದರೆ ತಿಂಗಳ ಸರಾಸರಿ. ಹೀಗೆ 30 ವರ್ಷದ ಜನವರಿಗಳನ್ನೆಲ್ಲ ಒಟ್ಟು ಹಾಕಿ ತೆಗೆದ ಅಂಕಿ ಪಟ್ಟಿಯಲ್ಲಿ ಜನವರಿಯ ಎದುರು ಬಂದು ಕೂರುತ್ತದೆ. ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನ 30 ವರ್ಷಗಳ ಲೆಕ್ಕ.

ಅಮೆರಿಕದ ಪಶ್ಚಿಮ ತೀರದ ಸ್ಯಾನ್ ಫ್ರಾನ್ಸಿಸ್ಕೊ ಊರನ್ನೇ ನೋಡಿ. ಅಲ್ಲಿ ಸೆಪ್ಟೆಂಬರ್ ಸರಾಸರಿ ಸುಮಾರು 17 ಡಿಗ್ರಿ. ಆದರೆ ಮಧ್ಯಾಹ್ನ 21ರ ಹತ್ತಿರ ಏರುತ್ತದೆ, ಬೆಳಗಿನ ಜಾವ 13ಕ್ಕೆ ಇಳಿಯುತ್ತದೆ. 17 ಇರುವುದು ಬೆಳಿಗ್ಗೆ ಏರುವಾಗ ಸ್ವಲ್ಪ ಹೊತ್ತು, ಸಂಜೆ ಇಳಿಯುವಾಗ ಸ್ವಲ್ಪ ಹೊತ್ತು. ನೀವು ಬಟ್ಟೆ ಹಾಕಿಕೊಳ್ಳಬೇಕಾದದ್ದು ಆ 21ಕ್ಕೆ ಮತ್ತು ಆ 13ಕ್ಕೆ. ಹಾಗಾಗಿ ಒಂದೇ ಸಾಲಿನ ಪಟ್ಟಿ ಸಿಕ್ಕರೆ ಅಲ್ಲಿಗೇ ನಿಲ್ಲಿಸಬೇಡಿ. ಗರಿಷ್ಠ, ಕನಿಷ್ಠ ಎರಡೂ ಬೇರೆ ಬೇರೆ ಸಾಲಿನಲ್ಲಿರುವ ಪಟ್ಟಿ ಹುಡುಕಿ. ಈ ಪುಟದಲ್ಲಿ ನೀವು ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಬಿಸಿಲಲ್ಲಿ ನಿಂತರೆ ಪಟ್ಟಿಯಲ್ಲಿ ಇರುವುದಕ್ಕಿಂತ ಜಾಸ್ತಿ ಬಿಸಿ ಅನ್ನಿಸುತ್ತದೆ. ಯಾಕೆ?

ತಾಪಮಾನ ಅಳೆಯುವುದೇ ನೆರಳಿನಲ್ಲಿ. ಬಿಳಿ ಬಣ್ಣ ಬಳಿದ, ಸುತ್ತಲೂ ಸೀಳು ಪಟ್ಟಿಗಳಿರುವ ಒಂದು ಮರದ ಪೆಟ್ಟಿಗೆ. ಗಾಳಿ ಒಳಗೆ ಆಡುತ್ತದೆ, ಬಿಸಿಲು ಮಾತ್ರ ಬೀಳುವುದಿಲ್ಲ. ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ ಉಷ್ಣಮಾಪಕ ಇರುತ್ತದೆ. ಇಂಥ ಪೆಟ್ಟಿಗೆಗೆ ಸ್ಟೀವನ್‌ಸನ್ ಪೆಟ್ಟಿಗೆ ಅಂತ ಹೆಸರು. ಇದನ್ನು ರೂಪಿಸಿದ ಥಾಮಸ್ ಸ್ಟೀವನ್‌ಸನ್ ಸ್ಕಾಟ್ಲೆಂಡಿನಲ್ಲಿ ದೀಪಸ್ತಂಭ ಕಟ್ಟುತ್ತಿದ್ದ ಎಂಜಿನಿಯರ್. ಕಡಲ ಗಾಳಿಯ ಜೊತೆ ದಿನವೂ ಏಗಿದವರು. ಈಗ ಬಹಳ ಕಡೆ ಮರದ ಬದಲು ಪ್ಲಾಸ್ಟಿಕ್ ಬಂದಿದೆ, ಅಳೆಯುವ ರೀತಿ ಮಾತ್ರ ಅದೇ.

ಪೆಟ್ಟಿಗೆ ಅಳೆಯುವುದು ಗಾಳಿಯ ಬಿಸಿ. ನಿಮ್ಮ ಮೈಗೆ ತಾಗುವುದು ಗಾಳಿಯ ಜೊತೆಗೆ ಬಿಸಿಲೂ ಹೌದು. ಕಡಲ ತೀರದಲ್ಲಿ 19 ಡಿಗ್ರಿಯ ದಿನ ಗೋಡೆಯ ಮರೆಯ ಬಿಸಿಲಲ್ಲಿ ಕೂತರೆ ಬೆವರು ಬರುತ್ತದೆ. ನಾಲ್ಕು ಹೆಜ್ಜೆ ಆಚೆ ನೆರಳಿಗೆ, ಗಾಳಿಗೆ ಬಂದರೆ ಸ್ವೆಟರ್ ಬೇಕು.

ಎಷ್ಟು ಡಿಗ್ರಿ ಇದ್ದರೆ ಹಿತವಾದ ಹವೆ ಅನ್ನಬಹುದು?

ಹವಾಮಾನವನ್ನು ವಿಂಗಡಿಸುವವರು ಇವತ್ತಿಗೂ ಜಾಸ್ತಿ ಬಳಸುವುದು ವ್ಲಾದಿಮಿರ್ ಕೊಪ್ಪೆನ್ ಅವರ ಪದ್ಧತಿ. ಅದರ ಮೊದಲ ರೂಪ ಬಂದದ್ದು 1884ರಲ್ಲಿ. ಅದರ ಪ್ರಕಾರ ಕಡಲ ಪ್ರಭಾವದ ಹಿತವಾದ ಹವೆ ಅಂದರೆ, ಅತಿ ಬಿಸಿಯಾದ ತಿಂಗಳ ಸರಾಸರಿ 22 ಡಿಗ್ರಿ ದಾಟಬಾರದು. ಅತಿ ತಂಪಾದ ತಿಂಗಳ ಸರಾಸರಿ ಸೊನ್ನೆಗಿಂತ ಕೆಳಗೆ ಹೋಗಬಾರದು. ಕೆಲವರು ಇಲ್ಲಿ ಸೊನ್ನೆಯ ಬದಲು ಮೈನಸ್ 3 ಹಿಡಿಯುತ್ತಾರೆ. ಕನಿಷ್ಠ ನಾಲ್ಕು ತಿಂಗಳಾದರೂ ಸರಾಸರಿ 10 ಡಿಗ್ರಿ ಮುಟ್ಟಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಅತಿ ಬಿಸಿ ತಿಂಗಳಿಗೂ ಅತಿ ತಂಪು ತಿಂಗಳಿಗೂ ಇರುವ ಅಂತರವನ್ನು ಮೊದಲು ನೋಡಿ. ಐಸ್‌ಲೆಂಡಿನ ರೇಕ್ಯಾವಿಕ್‌ನಲ್ಲಿ ಆ ಅಂತರ ಸುಮಾರು 11 ಡಿಗ್ರಿ. ಜನವರಿ ಸೊನ್ನೆಯ ಆಸುಪಾಸು, ಜುಲೈ 11–12. ಸೈಬೀರಿಯಾದ ನಡುವೆ ಇರುವ ಯಾಕುತ್ಸ್ಕ್ ಅದಕ್ಕಿಂತ ಸ್ವಲ್ಪ ದಕ್ಷಿಣಕ್ಕೇ ಇದೆ. ಅಲ್ಲಿ ಜನವರಿ ಮೈನಸ್ 38ರ ಹತ್ತಿರ, ಜುಲೈ 19–20. ಹೆಚ್ಚುಕಡಿಮೆ 58 ಡಿಗ್ರಿ ಅಂತರ! ಒಂದು ಊರು ಕಡಲಿಗೆ ಅಂಟಿಕೊಂಡಿದೆ, ಇನ್ನೊಂದು ಕಡಲನ್ನೇ ಕಾಣದಷ್ಟು ದೂರದಲ್ಲಿದೆ. ಬೆಚ್ಚಗಿರುವುದು ಬೇರೆ, ಏರಿಳಿತ ಕಡಿಮೆ ಇರುವುದು ಬೇರೆ. ರೇಕ್ಯಾವಿಕ್ ಬೆಚ್ಚಗಿನ ಊರಲ್ಲ, ಆದರೆ ವರ್ಷದಲ್ಲಿ ಅದರ ಹವೆ ಅಷ್ಟಾಗಿ ಬದಲಾಗುವುದಿಲ್ಲ.

ಕಡಲು ಇಷ್ಟೆಲ್ಲ ಹೇಗೆ ಮಾಡುತ್ತದೆ?

ಬೇಸಿಗೆಯ ಮಧ್ಯಾಹ್ನ ಎರಡು ಗಂಟೆಗೆ ಬರಿಗಾಲಲ್ಲಿ ಒಣ ಮರಳಿನ ಮೇಲೆ ನಡೆದು ನೋಡಿ. ಅಂಗಾಲು ಸುಟ್ಟು ಓಡಲು ಶುರು ಮಾಡುತ್ತೀರಿ. ಅಲೆ ಮುಟ್ಟಿ ಹೋದ ಒದ್ದೆ ಮರಳಿಗೆ ಬಂದ ಕೂಡಲೇ ತಣ್ಣಗೆ. ನೀರಿಗಿಳಿದರೆ ಇನ್ನೂ ತಣ್ಣಗೆ. ಮೂರರ ಮೇಲೂ ಬೆಳಗಿನಿಂದ ಬಿದ್ದದ್ದು ಅದೇ ಬಿಸಿಲು. ರಾತ್ರಿ ಹತ್ತಕ್ಕೆ ಅಲ್ಲಿಗೇ ಮತ್ತೆ ಹೋಗಿ. ಈಗ ಒಣ ಮರಳು ಕೊರೆಯುತ್ತಿರುತ್ತದೆ, ನೀರು ಮಧ್ಯಾಹ್ನ ಇದ್ದ ಹಾಗೇ ಇರುತ್ತದೆ. ಕಡಲ ತೀರದ ಹವೆಯ ಪಾಠವೆಲ್ಲ ಆ ಹತ್ತು ಹೆಜ್ಜೆಯೊಳಗೇ ಇದೆ.

ಇದಕ್ಕೆ ಕಾರಣ ಒಂದಲ್ಲ. ಒಂದು ಕೆಜಿ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಶಾಖ ಬೇಕು. ಅಷ್ಟೇ ತೂಕದ ಒಣ ಮರಳಿಗೆ ಅದರ ಐದನೇ ಒಂದು ಪಾಲು ಸಾಕು. ಜೊತೆಗೆ ಮರಳಿನಲ್ಲಿ ಬಿಸಿಲು ಮೇಲ್ಪದರದಲ್ಲೇ ನಿಂತುಬಿಡುತ್ತದೆ. ನೀರಿನಲ್ಲಿ ಬೆಳಕು ಹತ್ತಾರು ಮೀಟರ್ ಆಳಕ್ಕೆ ಇಳಿಯುತ್ತದೆ, ಅಲೆಗಳು ಮೇಲಿನದನ್ನು ಕೆಳಕ್ಕೆ ಕಲಸುತ್ತಲೇ ಇರುತ್ತವೆ. ಅದೇ ಶಾಖ ಎಷ್ಟೋ ದಪ್ಪದ ನೀರಿಗೆ ಹಂಚಿಹೋಗುತ್ತದೆ. ಇದರ ಮೇಲೆ, ನೀರು ಆವಿಯಾಗುವಾಗ ಒಂದಷ್ಟು ಶಾಖವನ್ನು ಎತ್ತಿಕೊಂಡು ಹೋಗುತ್ತದೆ.

ಇನ್ನೊಂದು ಲೆಕ್ಕ ನನಗೆ ಬಹಳ ಇಷ್ಟ. ಕಡಲ ಒಂದು ಚದರ ಮೀಟರ್ ಮೇಲೆ ಆಕಾಶದವರೆಗೂ ಇರುವ ಗಾಳಿಯ ಕಂಬವನ್ನು ಒಂದು ಡಿಗ್ರಿ ಬಿಸಿ ಮಾಡಲು ಎಷ್ಟು ಶಾಖ ಬೇಕೋ, ಅದರ ಕೆಳಗಿನ ಬರೀ ಎರಡೂವರೆ ಮೀಟರ್ ನೀರಿಗೂ ಅಷ್ಟೇ ಬೇಕು. ಕಡಲಿನ ಆಳ ಸರಾಸರಿ ಮೂರೂವರೆ ಕಿಲೋಮೀಟರಿಗೂ ಜಾಸ್ತಿ. ಹಾಗಿರುವಾಗ ಗಾಳಿ ಕಡಲು ಹೇಳಿದಂತೆ ಕೇಳದೆ ಇನ್ನೇನು ಮಾಡೀತು?

ಹಾಗಾದರೆ ಕಡಲ ಪಕ್ಕದ ಊರುಗಳೆಲ್ಲ ಹಿತವಾಗಿರುತ್ತವೆ ಅಲ್ವಾ?

ಇಲ್ಲ. ಕಡಲು ಪಕ್ಕದಲ್ಲಿದ್ದರೆ ಸಾಲದು, ಗಾಳಿ ಕಡಲ ಕಡೆಯಿಂದ ಬರಬೇಕು.

ರಷ್ಯಾದ ವ್ಲಾದಿವೊಸ್ತೋಕ್ ಮತ್ತು ಸ್ಪೇನಿನ ಲಾ ಕೊರುನ್ಯಾ, ಎರಡೂ ಬಂದರು ಊರುಗಳು. ಎರಡೂ 43 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಬೀಳುವ ಬಿಸಿಲ ಓರೆಯೂ ಒಂದೇ. ಆದರೆ ಜನವರಿ ಸರಾಸರಿ ಲಾ ಕೊರುನ್ಯಾದಲ್ಲಿ 10ಕ್ಕಿಂತ ಸ್ವಲ್ಪ ಮೇಲೆ, ವ್ಲಾದಿವೊಸ್ತೋಕ್‌ನಲ್ಲಿ ಮೈನಸ್ 12ರ ಆಸುಪಾಸು. ಆ ಅಕ್ಷಾಂಶಗಳಲ್ಲಿ ಗಾಳಿ ಮುಖ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಲಾ ಕೊರುನ್ಯಾಕ್ಕೆ ಅದು ಅಟ್ಲಾಂಟಿಕ್ ಸಾಗರ ದಾಟಿ ಬರುತ್ತದೆ. ವ್ಲಾದಿವೊಸ್ತೋಕ್‌ಗೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಏಷ್ಯಾದ ಒಳನಾಡಿನ ಮೇಲಿನಿಂದ ಬರುತ್ತದೆ. ಕಡಲು ಎದುರಿಗೇ ಇದ್ದರೂ ಬೆನ್ನ ಹಿಂದಿನ ನೆಲದ ಚಳಿಯೇ ಊರನ್ನು ಆಳುತ್ತದೆ.

ಕಡಲ ಪ್ರವಾಹವನ್ನೂ ಮರೆಯಬಾರದು. ಪೆರು ದೇಶದ ಲಿಮಾ ಸಮಭಾಜಕದಿಂದ ಬರೀ 12 ಡಿಗ್ರಿ ದಕ್ಷಿಣಕ್ಕಿದೆ. ಸೆಖೆಯಲ್ಲಿ ಬೇಯಬೇಕಿತ್ತು. ತೀರದುದ್ದಕ್ಕೂ ಹರಿಯುವ ತಣ್ಣನೆಯ ಹಂಬೋಲ್ಟ್ ಪ್ರವಾಹದಿಂದಾಗಿ ಅಲ್ಲಿ ಆಗಸ್ಟ್ ಸರಾಸರಿ 16ರ ಹತ್ತಿರ, ಫೆಬ್ರವರಿಯದ್ದು 23ರ ಹತ್ತಿರ.

ತಿಂಗಳು ತಿಂಗಳಿಗೆ ಹವೆ ಹೇಗೆ ಬದಲಾಗುತ್ತದೆ?

ಸ್ಯಾನ್ ಫ್ರಾನ್ಸಿಸ್ಕೊ ಉದಾಹರಣೆಯನ್ನೇ ಮುಂದುವರಿಸೋಣ. ಇದು ಕಡಲ ಹವೆಯನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸುವ ಊರು.

ಜನವರಿಯಲ್ಲಿ ಮಧ್ಯಾಹ್ನ 14, ರಾತ್ರಿ 8. ಮಳೆ ಬರುವುದೂ ಇಂಥ ತಿಂಗಳುಗಳಲ್ಲೇ. ಫೆಬ್ರವರಿ, ಮಾರ್ಚ್‌ನಲ್ಲಿ ಮಧ್ಯಾಹ್ನ 16–17ಕ್ಕೆ ಬರುತ್ತದೆ. ಆಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಬೇರೆ ಊರುಗಳೆಲ್ಲ ಸರಸರ ಬಿಸಿಯಾಗುವಾಗ ಇಲ್ಲಿ 17–18ರಲ್ಲೇ ನಿಂತಿರುತ್ತದೆ. ಜೂನ್, ಜುಲೈ ಬಂದರೂ ಗರಿಷ್ಠ 19. ಬೆಳಿಗ್ಗೆ ಎದ್ದರೆ ಕಿಟಕಿಯಾಚೆ ಬೂದು ಮಂಜು, ಎದುರು ಗುಡ್ಡವೇ ಕಾಣುವುದಿಲ್ಲ. ಆಗಸ್ಟ್‌ನಲ್ಲಿ 20. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ 21. ವರ್ಷದ ಅತಿ ಬೆಚ್ಚಗಿನ ದಿನಗಳು ಆಗಲೇ, ಮಂಜು ಸರಿದು ಆಕಾಶ ತಿಳಿಯಾಗಿರುತ್ತದೆ. ನವೆಂಬರ್‌ನಲ್ಲಿ 17–18ಕ್ಕೆ ಇಳಿದು, ಡಿಸೆಂಬರ್ ಹೊತ್ತಿಗೆ ಮತ್ತೆ 14.

ಇಡೀ ವರ್ಷದ ಆಟ ನಡೆಯುವುದು 14ಕ್ಕೂ 21ಕ್ಕೂ ನಡುವೆ. ಒಳನಾಡಿನ ಎಷ್ಟೋ ಊರುಗಳಲ್ಲಿ ಒಂದೇ ದಿನದ ಹಗಲು ರಾತ್ರಿಗೆ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಇರುತ್ತದೆ.

ದಕ್ಷಿಣ ಗೋಳದ ಊರಾದರೆ ಈ ತಿಂಗಳುಗಳನ್ನು ಆರು ತಿಂಗಳು ಮುಂದಕ್ಕೆ ಸರಿಸಿಕೊಳ್ಳಿ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಜನವರಿ, ಫೆಬ್ರವರಿಯ ಸರಾಸರಿ 21ರ ಹತ್ತಿರ, ಜುಲೈಯದ್ದು 12ರ ಹತ್ತಿರ.

ಬಿಸಿಲು ಜಾಸ್ತಿ ಇರುವುದು ಜೂನ್‌ನಲ್ಲಿ. ಬೆಚ್ಚಗಾಗುವುದು ಸೆಪ್ಟೆಂಬರ್‌ನಲ್ಲಿ. ಇದ್ಯಾಕೆ?

ಉತ್ತರ ಗೋಳದಲ್ಲಿ ಅತಿ ಉದ್ದದ ಹಗಲು ಜೂನ್ 21ರ ಆಸುಪಾಸು. ಅಲ್ಲಿಂದ ನೆಲ ಸುಮಾರು ಒಂದು ತಿಂಗಳು ತಡವಾಗಿ ತನ್ನ ಗರಿಷ್ಠ ಬಿಸಿ ಮುಟ್ಟುತ್ತದೆ. ಕಡಲಿಗೆ ಎರಡರಿಂದ ಮೂರು ತಿಂಗಳು ಹಿಡಿಯುತ್ತದೆ. ದೊಡ್ಡ ಹಂಡೆಯ ನೀರು ಕಾಯಲೂ ತಡ, ಆರಲೂ ತಡ. ಹಾಗಾಗಿ ಕಡಲ ನೀರು ಅತಿ ಬೆಚ್ಚಗಿರುವುದು ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ಅತಿ ತಣ್ಣಗಿರುವುದು ಫೆಬ್ರವರಿ–ಮಾರ್ಚ್‌ನಲ್ಲಿ. ಅದನ್ನು ಒರಗಿಕೊಂಡ ಊರಿನ ಹವೆಯೂ ಅದರ ಹಿಂದೆಯೇ ಹೋಗುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊ ಥರದ ಊರಿಗೆ ಇನ್ನೊಂದು ಕಾರಣವೂ ಇದೆ. ವಸಂತ ಮತ್ತು ಬೇಸಿಗೆಯಲ್ಲಿ ಅಲ್ಲಿ ಗಾಳಿ ತೀರದುದ್ದಕ್ಕೂ ಉತ್ತರದಿಂದ ಬೀಸಿ, ಮೇಲಿನ ನೀರನ್ನು ತೀರದಿಂದ ಆಚೆಗೆ ತಳ್ಳುತ್ತದೆ. ಆ ಜಾಗ ತುಂಬಲು ಆಳದ ತಣ್ಣೀರು ಮೇಲೆ ಬರುತ್ತದೆ. ತೇವದ ಗಾಳಿ ಆ ತಣ್ಣೀರಿನ ಮೇಲೆ ಹಾಯುವಾಗ ಮಂಜಾಗುತ್ತದೆ. ಇತ್ತ ಒಳನಾಡು ಕಾದು ಗಾಳಿ ಮೇಲೇರಿದಾಗ, ಆ ಮಂಜು ಊರಿನೊಳಕ್ಕೆ ಎಳೆದುಕೊಂಡು ಬರುತ್ತದೆ. ಒಳನಾಡು ಕಾದಷ್ಟೂ ತೀರಕ್ಕೆ ಮಂಜು ಜಾಸ್ತಿ. ಸೆಪ್ಟೆಂಬರ್ ಹೊತ್ತಿಗೆ ಆ ಗಾಳಿ ಸಡಿಲವಾಗುತ್ತದೆ, ಊರು ಬಿಸಿಲು ಕಾಣುತ್ತದೆ.

ಕಡಲಿನ ತಂಪು ಎಷ್ಟು ದೂರದವರೆಗೆ ತಲುಪುತ್ತದೆ?

ನಡುವೆ ಗುಡ್ಡ ಇದೆಯೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ. ತೀರಕ್ಕೆ ಅಡ್ಡಲಾಗಿ ಗುಡ್ಡಸಾಲು ಇದ್ದರೆ ಕೆಲವೇ ಕಿಲೋಮೀಟರಿನಲ್ಲಿ ಹವೆ ಬದಲಾಗಿಬಿಡುತ್ತದೆ. ಬಯಲು ಇದ್ದರೆ ನೂರಾರು ಕಿಲೋಮೀಟರ್ ಒಳಗೂ ತಂಪು ಹೋಗುತ್ತದೆ, ಪಶ್ಚಿಮ ಯುರೋಪಿನಲ್ಲಿ ಆಗುವುದು ಇದೇ.

ಸ್ಯಾನ್ ಫ್ರಾನ್ಸಿಸ್ಕೊದಿಂದ ಒಳನಾಡಿನ ಸ್ಯಾಕ್ರಮೆಂಟೊಗೆ ರಸ್ತೆಯಲ್ಲಿ ಒಂದೂವರೆ, ಎರಡು ಗಂಟೆಯ ದಾರಿ. ಜುಲೈಯಲ್ಲಿ ಇಲ್ಲಿ ಗರಿಷ್ಠ 19, ಅಲ್ಲಿ 34ರ ಹತ್ತಿರ. ಜನವರಿ ಮಧ್ಯಾಹ್ನ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, 13–14. ಆದರೆ ರಾತ್ರಿ ಅಲ್ಲಿ 4ಕ್ಕೆ ಇಳಿಯುತ್ತದೆ. ಹಾಗಾಗಿ 'ಕಡಲಿಗೆ ಹತ್ತಿರದ ಮನೆ' ಅಂತ ಯಾರಾದರೂ ಹೇಳಿದರೆ, ನಡುವೆ ಗುಡ್ಡ ಇದೆಯಾ ಅಂತ ಮೊದಲು ಕೇಳಿ.

ಕಡಲ ಗಾಳಿ ಯಾವ ಹೊತ್ತಿಗೆ ಶುರುವಾಗುತ್ತದೆ?

ತಿಳಿಯಾದ ದಿನ ಸಾಮಾನ್ಯವಾಗಿ ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ. ನೆಲ ಕಾದು ಅದರ ಮೇಲಿನ ಗಾಳಿ ಏರುತ್ತದೆ, ಆ ಜಾಗಕ್ಕೆ ಕಡಲ ತಣ್ಣನೆ ಗಾಳಿ ನುಗ್ಗುತ್ತದೆ. ಮಧ್ಯಾಹ್ನ ಜೋರು, ಸಂಜೆಗೆ ತಣ್ಣಗಾಗುತ್ತದೆ. ರಾತ್ರಿ ನೆಲ ಬೇಗ ಆರುವುದರಿಂದ ಗಾಳಿ ತಿರುಗಿ ಕಡಲ ಕಡೆಗೆ ಮೆಲ್ಲಗೆ ಹೋಗುತ್ತದೆ.

ಒಗೆದ ಬಟ್ಟೆ ಒಣಹಾಕಿದ ಹಗ್ಗ ನೋಡುತ್ತಾ ಕೂತರೆ ಇದು ಕಾಣುತ್ತದೆ. ಬೆಳಿಗ್ಗೆ ಬಟ್ಟೆ ಸುಮ್ನೆ ಜೋತು ಬಿದ್ದಿರುತ್ತದೆ. ಒಂದು ಗಳಿಗೆಯಲ್ಲಿ ಅಂಗಿಯ ತೋಳು ಅಲುಗುತ್ತದೆ. ಹತ್ತು ನಿಮಿಷದಲ್ಲಿ ಬಟ್ಟೆಗಳೆಲ್ಲ ಕಡಲಿಗೆ ಬೆನ್ನು ಹಾಕಿ ಉಬ್ಬಿಕೊಂಡು ನಿಂತಿರುತ್ತವೆ. ಆ ಹತ್ತು ನಿಮಿಷದಲ್ಲಿ ಉಷ್ಣಮಾಪಕ ಕೆಲವು ಡಿಗ್ರಿ ಇಳಿದಿರುವುದೂ ಉಂಟು. ತೀರದ ಊರಿನಲ್ಲಿ ದಿನದ ಗರಿಷ್ಠ ತಾಪಮಾನ ಮಧ್ಯಾಹ್ನ ಮೂರಕ್ಕಲ್ಲ, ಎಷ್ಟೋ ಸಲ ಹನ್ನೆರಡರ ಹೊತ್ತಿಗೇ ಬಂದುಹೋಗುವುದು ಇದರಿಂದಲೇ.

18 ಡಿಗ್ರಿ ಇದ್ದರೂ ಚಳಿ ಅನ್ನಿಸುತ್ತದಲ್ಲ?

ಗಾಳಿ. ಮೈಯ ಸುತ್ತ ನಾವೇ ಬಿಸಿ ಮಾಡಿಕೊಂಡ ತೆಳುವಾದ ಗಾಳಿಪದರ ಇರುತ್ತದೆ, ಕಡಲ ಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತಲೇ ಇರುತ್ತದೆ. ಮಂಜಿನ ಹನಿ ಬಟ್ಟೆಗೆ ಕೂತು ತೇವವಾದರೆ ಇನ್ನೂ ಚಳಿ. ಮನೆಯೊಳಗೂ ಹಾಗೇ, ಬಟ್ಟೆ ಬೇಗ ಒಣಗುವುದಿಲ್ಲ, ಗೋಡೆ ಮೂಲೆಗಳಲ್ಲಿ ಬೂಷ್ಟು ಬರುತ್ತದೆ. ಬಿಸಿಲಿದ್ದಾಗ ಕಿಟಕಿ ತೆರೆದಿಡುವ ಅಭ್ಯಾಸ ಒಳ್ಳೆಯದು.

ಹಿಮ, ಇಬ್ಬನಿ ಹೆಪ್ಪುಗಟ್ಟುವುದು ಇರುತ್ತದಾ?

ಅಪರೂಪ. ಸ್ಯಾನ್ ಫ್ರಾನ್ಸಿಸ್ಕೊದ ನಡುಭಾಗದಲ್ಲಿ ಅಳೆಯುವಷ್ಟು ಹಿಮ ಕೊನೆಯ ಸಲ ಬಿದ್ದದ್ದು 1976ರ ಫೆಬ್ರವರಿ 5ರಂದು, ಅದೂ ಒಂದು ಇಂಚು. ಆದರೆ ಗಿಡ ಬೆಳೆಸುವವರಿಗೆ ಒಂದು ಮಾತು: ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ಉಷ್ಣಮಾಪಕ 3 ಡಿಗ್ರಿ ತೋರಿಸಿದರೂ ನೆಲಮಟ್ಟದಲ್ಲಿ ಹೆಪ್ಪುಗಟ್ಟಬಹುದು. ಅಳೆಯುವ ಪೆಟ್ಟಿಗೆ ಇರುವುದು ಎದೆಮಟ್ಟದಲ್ಲಿ, ಸಸಿ ಇರುವುದು ನೆಲದಲ್ಲಿ.

ಇಂಥ ಊರಿನಲ್ಲಿ ವಿಪರೀತ ಬಿಸಿ ಬರುವುದೇ ಇಲ್ವಾ?

ಬರುತ್ತದೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸೆಪ್ಟೆಂಬರ್‌ನಲ್ಲಿ ಸರಾಸರಿ ಗರಿಷ್ಠ 21 ಇರುವ ಅದೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2017ರ ಸೆಪ್ಟೆಂಬರ್ 1ರಂದು 41 ಡಿಗ್ರಿ ದಾಖಲಾಯಿತು. ಗಾಳಿ ದಿಕ್ಕು ತಪ್ಪಿ ಒಳನಾಡಿನಿಂದ ಕಡಲ ಕಡೆಗೆ ಬೀಸಿದಾಗ ಹೀಗಾಗುತ್ತದೆ. ಬೆಟ್ಟದಿಂದ ಕೆಳಗಿಳಿಯುವ ಒಣ ಗಾಳಿ ಒತ್ತಡಕ್ಕೆ ಸಿಕ್ಕಿ, ಪ್ರತಿ ಕಿಲೋಮೀಟರ್ ಇಳಿದಾಗಲೂ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಸಾಂತಾ ಆನಾ ಗಾಳಿ ಇದೇ ಜಾತಿಯದ್ದು.

ಯಾವಾಗಲೂ ಬಿಸಿ ಇರುವ ಊರಿಗೆ 35 ಡಿಗ್ರಿ ಏನೂ ಅಲ್ಲ. ತಂಪು ಊರಿನಲ್ಲಿ ಅದೇ 35 ಅಪಾಯ ತರುತ್ತದೆ. ಮನೆಗಳು ಶಾಖ ಹಿಡಿದಿಡುವ ಹಾಗೆ ಕಟ್ಟಿರುತ್ತವೆ, ಎ.ಸಿ. ಇರುವುದಿಲ್ಲ, ಮೈಗೂ ಅಭ್ಯಾಸ ಇರುವುದಿಲ್ಲ. ಅಂಥ ದಿನ ಒಂಟಿಯಾಗಿರುವ ವಯಸ್ಸಾದವರ ಮನೆ ಬಾಗಿಲು ತಟ್ಟಿ, ಎರಡು ಮಾತಾಡಿ, ನೀರು ಕುಡಿದರಾ ಅಂತ ಕೇಳಿ ಬನ್ನಿ. ಸರಾಸರಿಯ ಪಟ್ಟಿಯಲ್ಲಿ ಈ ಎರಡು ಮೂರು ದಿನ ಕಾಣುವುದೇ ಇಲ್ಲ. ಅದಕ್ಕೇ 'ದಾಖಲೆ ಗರಿಷ್ಠ' ಅನ್ನುವ ಸಾಲನ್ನೂ ಓದಿ ಅನ್ನುವುದು.

ಊರು ಬೆಚ್ಚಗಿದ್ದರೆ ಕಡಲಲ್ಲೂ ಈಜಬಹುದಾ?

ಗಾಳಿಯ ಅಂಕಿ ನೋಡಿ ನೀರಿಗಿಳಿಯಬೇಡಿ. ಆಳದ ತಣ್ಣೀರು ಮೇಲೆ ಬರುವ ತೀರಗಳಲ್ಲಿ ಬೇಸಿಗೆಯಲ್ಲೂ ನೀರು 11ರಿಂದ 15 ಡಿಗ್ರಿ ಅಷ್ಟೇ ಇರಬಹುದು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. 15 ಡಿಗ್ರಿ ಗಾಳಿಯಲ್ಲಿ ಆರಾಮಾಗಿ ನಡೆಯಬಹುದು, 15 ಡಿಗ್ರಿ ನೀರಿಗೆ ಒಮ್ಮೆಲೇ ಬಿದ್ದರೆ ಉಸಿರು ಏದುಸಿರಾಗಿ ಕೈಕಾಲು ಹಿಡಿತ ತಪ್ಪುತ್ತದೆ. ನೀರಿನ ತಾಪಮಾನದ ಪಟ್ಟಿ ಬೇರೆಯೇ ಸಿಗುತ್ತದೆ, ಅದನ್ನು ನೋಡಿ.

ಯಾವ ಬಟ್ಟೆ ಒಯ್ಯಬೇಕು? ಯಾವಾಗ ಹೋಗಬೇಕು?

ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ ವಾಸಿ. ಹೊರಗಿನದು ಗಾಳಿ ತಡೆಯುವಂಥದ್ದಾಗಿರಲಿ. ಮಂಜು ಬೀಳುವ ತೀರವಾದರೆ ಉತ್ತರ ಗೋಳದಲ್ಲಿ ಸೆಪ್ಟೆಂಬರ್, ಅಕ್ಟೋಬರ್. ದಕ್ಷಿಣದಲ್ಲಿ ಫೆಬ್ರವರಿ, ಮಾರ್ಚ್. ನನ್ನನ್ನು ಕೇಳಿದರೆ ಕಣ್ಣು ಮುಚ್ಚಿಕೊಂಡು ಇದನ್ನೇ ಹೇಳುತ್ತೇನೆ.

ಫ್ಯಾರನ್‌ಹೀಟ್ ಅಂಕಿಯನ್ನು ಬದಲಾಯಿಸುವುದು ಹೇಗೆ?

32 ಕಳೆದು, ಬಂದದ್ದನ್ನು 1.8ರಿಂದ ಭಾಗಿಸಿ. 50 ಅಂದರೆ 10, 68 ಅಂದರೆ 20, 86 ಅಂದರೆ 30. ಈ ಮೂರು ನೆನಪಿದ್ದರೆ ನಡುವಿನದ್ದು ಊಹಿಸಬಹುದು.

ಈ ಸರಾಸರಿಗಳು ಬದಲಾಗುತ್ತಿವೆಯಾ?

ಹೌದು. 1850–1900ರ ಕಾಲಕ್ಕೆ ಹೋಲಿಸಿದರೆ 2011–2020ರ ಹತ್ತು ವರ್ಷದಲ್ಲಿ ಭೂಮಿಯ ನೆಲಭಾಗ 1.59 ಡಿಗ್ರಿ, ಕಡಲ ಮೇಲ್ಮೈ 0.88 ಡಿಗ್ರಿ ಬಿಸಿಯಾಗಿದೆ. ಕಡಲು ನಿಧಾನವಾಗಿ ಕಾಯುವುದರಿಂದ ತೀರದ ಊರುಗಳಿಗೆ ಇದು ಬೇಗ ಗೊತ್ತಾಗುವುದಿಲ್ಲ. ಒಂದು ಡಿಗ್ರಿ ತಾನೇ ಅನ್ನಬೇಡಿ. ವರ್ಷವಿಡೀ ಬರೀ 7 ಡಿಗ್ರಿ ಏರಿಳಿಯುವ ಊರಿಗೆ ಒಂದು ಡಿಗ್ರಿ ದೊಡ್ಡದು. 1961–1990ರ ಲೆಕ್ಕದ ಹಳೆಯ ಪಟ್ಟಿಗಳು ಇನ್ನೂ ಅಲ್ಲಲ್ಲಿ ಓಡಾಡುತ್ತಿವೆ. ಪಟ್ಟಿಯ ಕೆಳಗೆ ಯಾವ ವರ್ಷಗಳದ್ದು ಅಂತ ಬರೆದಿದೆ ನೋಡಿಕೊಳ್ಳಿ.

ಎಲ್ ನಿನ್ಯೊ ಬೇರೆ. ಎರಡರಿಂದ ಏಳು ವರ್ಷಕ್ಕೊಮ್ಮೆ ಪೆಸಿಫಿಕ್ ಸಾಗರದ ಸಮಭಾಜಕ ಭಾಗ ಬಿಸಿಯಾಗುತ್ತದೆ. ಆಗ ಪೆರುವಿನಂಥ ತೀರಗಳಲ್ಲಿ ನೀರೂ ಹವೆಯೂ ವಾಡಿಕೆಗಿಂತ ಬೆಚ್ಚಗಾಗುತ್ತವೆ. ಅಂಥ ಒಂದು ವರ್ಷ ಹೋಗಿ ಬಂದು ಊರೇ ಹೀಗೆ ಅಂದುಕೊಳ್ಳಬೇಡಿ.

ಒಂದೇ ಊರಿಗೆ ಎರಡು ಪಟ್ಟಿಯಲ್ಲಿ ಬೇರೆ ಬೇರೆ ಅಂಕಿ ಇದೆ. ಯಾವುದನ್ನು ನಂಬಬೇಕು?

ಎರಡೂ ಸರಿ ಇರಬಹುದು. ಒಂದು ವಿಮಾನ ನಿಲ್ದಾಣದಲ್ಲಿ ಅಳೆದದ್ದು, ಇನ್ನೊಂದು ಊರಿನ ನಡುವೆ. ಕಟ್ಟಡಗಳ ನಡುವೆ ರಾತ್ರಿ ಬಿಸಿ ಉಳಿದುಕೊಳ್ಳುತ್ತದೆ, ಬಯಲಿನಲ್ಲಿ ಬೇಗ ಆರುತ್ತದೆ. ಎತ್ತರವೂ ಲೆಕ್ಕಕ್ಕೆ ಬರುತ್ತದೆ, ಪ್ರತಿ ನೂರು ಮೀಟರ್ ಏರಿದರೆ ಸರಾಸರಿ 0.65 ಡಿಗ್ರಿ ಕಡಿಮೆ. ನೀವು ಇರಲು ಹೋಗುವ ಜಾಗಕ್ಕೆ, ಗುಡ್ಡದ ಅದೇ ಮಗ್ಗುಲಿನಲ್ಲಿ, ಹತ್ತಿರದ ಎತ್ತರದಲ್ಲಿ ಯಾವ ಅಳತೆ ಕೇಂದ್ರ ಇದೆಯೋ ಅದರ ಪಟ್ಟಿ ತೆಗೆದುಕೊಳ್ಳಿ.